ಚಿಕ್ಕಮ್ಮ ಆರಿಸಿದ ತೂತು

ಆ ಪ್ರಯೋಗಾಲಯದಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಬಹಳ ಹಿಂದೆ ಅವಳ ಅಕ್ಕನ ಮಗಳೊಬ್ಬಳು ಅಲ್ಲಿ ಆರು ತಿಂಗಳು ಕಲಿಯಲು ಬಂದಿದ್ದಳು. ಕಾರಿಡಾರಿನ ಈ ತುದಿಯಿಂದ ಆ ತುದಿಗೆ ಕೇಳುವಂತೆ "ಚಿಕ್ಕಮ್ಮಾ" ಎಂದು ಕೂಗುತ್ತಿದ್ದಳು. ಹುಡುಗಿ ಕಲಿಕೆ ಮುಗಿಸಿ ಹೋದಳು, ಕೂಗು ಅಲ್ಲೇ ಉಳಿಯಿತು. ನಿರ್ದೇಶಕರಿಂದ ಹಿಡಿದು ಗೇಟು ಕಾಯುವವನವರೆಗೆ ಎಲ್ಲರಿಗೂ ಅವಳು ಚಿಕ್ಕಮ್ಮ. ಅವಳ ಓರಗೆಯವನೇ ಆದ ಫ್ರೀಜರಿನ ಉಸ್ತುವಾರಿಯೂ ಹಾಗೇ ಕರೆಯುತ್ತಿದ್ದ. "ನಿಮಗೆ ನಾನು ಯಾವ ಲೆಕ್ಕದಲ್ಲಿ ಚಿಕ್ಕಮ್ಮ?" ಎಂದು ಅವಳು ಒಮ್ಮೆ ರೇಗಿದ್ದಕ್ಕೆ ಅವನು ಮುಗ್ಧನಂತೆ, "ಅದು ಹುದ್ದೆ ಹೆಸರಲ್ವಾ? ನಾನು ಹಾಗೇ ಅಂದ್ಕೊಂಡಿದ್ದೆ" ಎಂದಿದ್ದ.

ಅವಳು ಅಲ್ಲಿಗೆ ಬಂದದ್ದು ಗಾಜಿನ ಸಾಮಾನು ತೊಳೆಯುವ ಕೆಲಸಕ್ಕೆ. ಮೂರು ವರ್ಷ ಬಾಟಲಿ ತೊಳೆದಳು. ಅವಳು ತೊಳೆದ ಬಾಟಲಿಯಲ್ಲಿ ಜೀವಕೋಶಗಳು ಚೆನ್ನಾಗಿ ಬೆಳೆಯುತ್ತವೆ, ಬೇರೆಯವರು ತೊಳೆದದ್ದರಲ್ಲಿ ಬೆಳೆಯುವುದಿಲ್ಲ ಎಂಬುದು ಯಾರದೋ ಗಮನಕ್ಕೆ ಬಂತು. ಅದರಲ್ಲಿ ಮಾಯೆಯೇನೂ ಇರಲಿಲ್ಲ. ಉಳಿದವರು ಸೋಪು ಹೋಗಲು ಐದು ಸಲ ನೀರು ಹಾಕಿದರೆ ಇವಳು ಒಂಬತ್ತು ಸಲ ಹಾಕುತ್ತಿದ್ದಳು. "ಇಷ್ಟು ಶ್ರದ್ಧೆ ಇದ್ದೋಳು ಸಿಂಕಿನ ಹತ್ರ ಯಾಕಿರ್ಬೇಕು?" ಎಂದು ಆಗಿನ ಮುಖ್ಯಸ್ಥರು ಅವಳನ್ನು ಕೋಶಗಳ ಕೋಣೆಗೆ ಹಾಕಿದರು. ಅಲ್ಲಿಂದ ಇಪ್ಪತ್ತೇಳು ವರ್ಷ ಅವಳು ಕದಲಲಿಲ್ಲ.

ಅದು ಹತ್ತು ಹೆಜ್ಜೆ ಉದ್ದದ, ಕಿಟಕಿಯಿಲ್ಲದ ಕೋಣೆ. ಒಳಗೆ ಹೋಗಬೇಕಾದರೆ ಚಪ್ಪಲಿ ಬಿಟ್ಟು, ಬಿಳಿ ಕೋಟು ತೊಟ್ಟು, ಕೂದಲಿಗೆ ಟೋಪಿ ಹಾಕಿಕೊಳ್ಳಬೇಕು. ಗೋಡೆಗೆ ಒರಗಿಸಿದ ಬೀರುಗಳೊಳಗೆ ಮೈಬಿಸಿಯಷ್ಟೇ ಶಾಖ. ಅವುಗಳಲ್ಲಿ ಅಡ್ಡ ಮಲಗಿಸಿದ ಚಪ್ಪಟೆ ಬಾಟಲಿಗಳು, ಬಾಟಲಿಗಳ ತಳದಲ್ಲಿ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಹಬ್ಬಿದ ಕೋಶಗಳು, ಅವುಗಳ ಮೇಲೆ ಅವು ಉಣ್ಣುವ ಕೆಂಪು ಸಾರ. ಹೊಟ್ಟೆ ತುಂಬಿದ್ದಾಗ ಸಾರ ಕೆಂಪಾಗಿರುತ್ತದೆ, ಹಸಿದಾಗ ಹಳದಿಗೆ ತಿರುಗುತ್ತದೆ. ರಜೆಯಿರಲಿ, ಮನೆಯಲ್ಲಿ ಮದುವೆಯಿರಲಿ, ಎರಡು ದಿನಕ್ಕೊಮ್ಮೆ ಅವಕ್ಕೆ ಉಣಿಸಲೇಬೇಕು. ತಂಗಿಯ ಮದುವೆಯ ದಿನ ಚಿಕ್ಕಮ್ಮ ಮುಹೂರ್ತ ಮುಗಿದದ್ದೇ ತಡ ರೇಷ್ಮೆ ಸೀರೆಯ ಮೇಲೆ ಬಿಳಿ ಕೋಟು ಹಾಕಿಕೊಂಡು ಅರ್ಧ ಗಂಟೆ ಉಣಿಸಿ, ಊಟದ ಹೊತ್ತಿಗೆ ವಾಪಸು ಬಂದಿದ್ದಳು. ತಂಗಿ ಇವತ್ತಿಗೂ ಅದನ್ನು ಎತ್ತಿ ಆಡುತ್ತಾಳೆ.

ಈಗಿನ ಮುಖ್ಯಸ್ಥೆ ಮೇಡಂ, ಚಿಕ್ಕಮ್ಮನಿಗಿಂತ ಹದಿನೈದು ವರ್ಷ ಚಿಕ್ಕವರು. ಅವರು ವಿದ್ಯಾರ್ಥಿನಿಯಾಗಿ ಬಂದಾಗ ಹನಿ ಅಳೆದು ಹೀರುವ ಪಿಪೆಟ್ಟು ಹಿಡಿಯುವುದನ್ನು ಕಲಿಸಿದವಳು ಇವಳೇ. ಕೈ ನಡುಗಿದಾಗಲೆಲ್ಲ ಮುಂಗೈ ಮೇಲೆ ಒಂದು ಕೊಟ್ಟವಳೂ ಇವಳೇ. ಜನರ ಮುಂದೆ "ಮೇಡಂ, ನೀವು" ಎನ್ನುವ ಚಿಕ್ಕಮ್ಮ, ಇಬ್ಬರೇ ಇದ್ದಾಗ "ಊಟ ಮಾಡಿದ್ಯೇನೆ?" ಎಂದು ಕೇಳುತ್ತಿದ್ದಳು.

ನಾಲ್ಕು ವರ್ಷದಿಂದ ಮೇಡಂ ಬಿದ್ದಿದ್ದು ಒಂದು ಲಸಿಕೆಯ ಹಿಂದೆ. ಮಕ್ಕಳನ್ನು ವಾರಗಟ್ಟಲೆ ಮಲಗಿಸಿ, ಕೆಲವರ ಕಿವಿಯನ್ನೇ ಕೆಡಿಸಿ ಹೋಗುವ ಜ್ವರವೊಂದಕ್ಕೆ ಅದು. ನೆಗಡಿ ತರುವ ಒಂದು ವೈರಸ್ಸಿನ ಹಲ್ಲು ಕಿತ್ತು, ಅದರ ಜೀನುಗಳ ನಡುವೆ ಆ ಜ್ವರದ ವೈರಸ್ಸಿನ ಒಂದು ತುಣುಕನ್ನು ಸೇರಿಸಿದ್ದರು. ಇದನ್ನು ಚಿಕ್ಕಮ್ಮ ತನ್ನ ಯಜಮಾನರಿಗೆ ವಿವರಿಸಿದ ರೀತಿ ಮೇಡಂ ವಿವರಿಸುವುದಕ್ಕಿಂತ ಚೆನ್ನಾಗಿತ್ತು ಎಂದು ನನಗನ್ನಿಸುತ್ತದೆ. ಯಜಮಾನರು ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ.

"ಒಬ್ಬ ಕಳ್ಳನ ಅಂಗಿ ಜೇಬು ಬಿಚ್ಚಿ, ಒಬ್ಬ ಸಾಧು ಮನುಷ್ಯನ ಅಂಗಿಗೆ ಹೊಲೀತಾರೆ" ಎಂದಳು. "ಆ ಸಾಧುನ್ನ ಮೈಯೊಳಗೆ ಬಿಡ್ತಾರೆ. ಒಳಗೆ ಕಾವಲಿರೋರು ಆ ಜೇಬನ್ನ ನೋಡಿ ಗುರುತಿಟ್ಕೋತಾರೆ. ನಾಳೆ ನಿಜವಾದ ಕಳ್ಳ ಬಂದ್ರೆ ಜೇಬು ನೋಡಿನೇ ಹಿಡೀತಾರೆ."

ಯಜಮಾನರು ಕತ್ತರಿ ಕೆಳಗಿಟ್ಟು ಯೋಚಿಸಿದರು. "ಪಾಪ, ಆ ಸಾಧುಗೆ ಏಟು ಬೀಳಲ್ವಾ?"

"ಬೀಳತ್ತೆ. ಅದಕ್ಕೇ ಸೂಜಿ ಚುಚ್ಚಿದ ತೋಳು ಎರಡು ದಿನ ನೋಯೋದು."

"ಜೇಬು ಬಿಚ್ಕೊಳ್ಳಲ್ವಾ?" ಎಂದು ಕೇಳಿದರು. ದರ್ಜಿ ಕೇಳಬೇಕಾದ ಪ್ರಶ್ನೆಯೇ ಅದು.

"ಬಿಚ್ಕೊಳ್ಳತ್ತೆ. ಅದೇ ನಮ್ಮ ತಲೆನೋವು."

ವೈರಸ್ಸಿಗೆ ಆ ಜೇಬು ಬೇಡದ ಹೊರೆ. ಅದು ತನ್ನ ನಕಲು ಮಾಡಿಕೊಂಡು ಮಾಡಿಕೊಂಡು ಹೋದಂತೆ ಎಲ್ಲೋ ಒಂದು ನಕಲು ಜೇಬನ್ನು ಉದುರಿಸಿಬಿಡುತ್ತದೆ. ಹೊರೆ ಕಳೆದುಕೊಂಡದ್ದು ಹಗುರಾಗಿ ಓಡುತ್ತದೆ, ಉಳಿದವನ್ನು ಹಿಂದೆ ಹಾಕಿ ತಾನೇ ತುಂಬಿಕೊಳ್ಳುತ್ತದೆ. ಹಾಗಾಗದಿರಲಿ ಎಂದು, ಲಸಿಕೆ ತಯಾರಿಸುವ ಕಾರ್ಖಾನೆಗೆ ಕೊಡುವ ಬೀಜ ವೈರಸ್ಸು ಜೇಬಿರುವ ಒಂದೇ ಒಂದು ವೈರಸ್ಸಿನ ಸಂತಾನವಾಗಿರಬೇಕು. ಅದನ್ನು ಆರಿಸುವುದು ಚಿಕ್ಕಮ್ಮನ ಕೆಲಸ. ಕೋಶಗಳು ಹಬ್ಬಿದ ತಟ್ಟೆಯ ಮೇಲೆ ವೈರಸ್ಸನ್ನು ನೀರು ನೀರು ಮಾಡಿ ಹಾಕುತ್ತಾರೆ. ಒಂದೊಂದು ವೈರಸ್ಸೂ ಬಿದ್ದ ಕಡೆ ಸುತ್ತಲಿನ ಕೋಶಗಳನ್ನು ಕೊಂದು ಒಂದೊಂದು ತೂತು ಮಾಡುತ್ತದೆ. ಜೇಬಿರುವುದರ ತೂತು ಸಣ್ಣದು, ಜೇಬು ಉದುರಿಸಿದ್ದರ ತೂತು ದೊಡ್ಡದು. ಬೇರಾವುದಕ್ಕೂ ತಾಗದೆ ಒಂಟಿಯಾಗಿ ನಿಂತ ಸಣ್ಣ ತೂತನ್ನು ನೋಡಿ, ತಟ್ಟೆಯ ಅಡಿಯಲ್ಲಿ ಪೆನ್ನಿನಿಂದ ಉಂಗುರ ಬರೆದು, ಅಲ್ಲಿಂದ ಹೀರಿ ತೆಗೆಯಬೇಕು. ಅದನ್ನು ಬೆಳೆಸಿ ಮತ್ತೆ ಆರಿಸಬೇಕು. ಹೀಗೆ ಮೂರು ಸುತ್ತು. ಪ್ರತಿ ಸುತ್ತಿನಲ್ಲೂ ಇನ್ನೊಬ್ಬರು ತಟ್ಟೆ ನೋಡಿ ಪುಸ್ತಕದಲ್ಲಿ ಸಹಿ ಹಾಕಬೇಕು ಎಂಬುದು ನಿಯಮ.

ಚಿಕ್ಕಮ್ಮನ ಕಣ್ಣೆಂದರೆ ಕಣ್ಣು. ಬೇರೆಯವರು ದೀಪ, ಭೂತಗನ್ನಡಿ ಎಂದು ಒದ್ದಾಡುವಾಗ ಅವಳು ತಟ್ಟೆಯನ್ನು ಬೆಳಕಿಗೆ ಎತ್ತಿ ಹಿಡಿದು "ಇದು" ಎಂದುಬಿಡುತ್ತಿದ್ದಳು. ಅವಳು ಆರಿಸಿದ್ದು ಒಮ್ಮೆಯೂ ಕೈಕೊಟ್ಟಿರಲಿಲ್ಲ. ಈ ಲಸಿಕೆಯ ಬೀಜವನ್ನೂ ಅವಳೇ ಆರಿಸಿದ್ದಳು. ಅದಕ್ಕೆ ಉದ್ದದ ಸಂಖ್ಯೆಯೊಂದಿತ್ತು. ಆದರೆ ಎಲ್ಲರ ಬಾಯಲ್ಲೂ ಅದು "ಚಿಕ್ಕಮ್ಮನ ಬೀಜ". ಇನ್ನು ಕೆಲವೇ ತಿಂಗಳಿಗೆ ನಿವೃತ್ತಿಯಾಗಲಿದ್ದ ಅವಳಿಗೆ ಅದನ್ನು ಕೇಳಿದಾಗಲೆಲ್ಲ ಒಳಗೊಳಗೇ ಹಿಗ್ಗು. ತೋರಿಸಿಕೊಳ್ಳುತ್ತಿರಲಿಲ್ಲ ಅಷ್ಟೆ.

ಕಣ್ಣಿನ ವಿಷಯ ಮೊದಲು ಪತ್ತೆ ಮಾಡಿದ್ದು ಯಜಮಾನರು. ನೇರಳೆ ದಾರದ ಉಂಡೆ ಕೇಳಿದರೆ ಇವಳು ಕಂದು ಬಣ್ಣದ್ದು ತಂದುಕೊಟ್ಟಳು. ಅವರು ಏನೂ ಹೇಳದೆ ಹೊಲಿದು ಮುಗಿಸಿದರು. ಮರುದಿನ ಬೇಕೆಂದೇ ಮೇಜಿನ ಮೇಲೆ ಮೂರು ಉಂಡೆ ಸಾಲಾಗಿಟ್ಟು, "ಇದ್ರಲ್ಲಿ ನೇರಳೆ ಯಾವ್ದು ಹೇಳು" ಎಂದರು.

"ಇದೇನು, ನನಗೆ ಪರೀಕ್ಷೆನಾ?"

"ಹೂಂ. ಪರೀಕ್ಷೆನೇ."

ಅವಳು ಮತ್ತೆ ಕಂದು ಬಣ್ಣವನ್ನೇ ಮುಟ್ಟಿದಳು. ಯಜಮಾನರು ಟೇಪನ್ನು ಕುತ್ತಿಗೆಯಿಂದ ತೆಗೆದು ಮೊಳೆಗೆ ನೇತುಹಾಕಿ, "ನಡಿ ಕಣ್ಣಾಸ್ಪತ್ರೆಗೆ" ಎಂದರು.

ಅವಳಿಗೆ ಗೊತ್ತಿರಲಿಲ್ಲ ಎಂದಲ್ಲ. ಒಂದು ವರ್ಷದಿಂದ ದೀಪಗಳ ಸುತ್ತ ಮಂಜು ಕಾಣುತ್ತಿತ್ತು. ಎಲ್ಲದಕ್ಕೂ ಹಳದಿ ಛಾಯೆ. ಸಾರ ಹಸಿವಿಗೆ ಹಳದಿಯಾಗಿದೆಯೋ ತನ್ನ ಕಣ್ಣಿಗೆ ಹಾಗೆ ಕಾಣುತ್ತದೆಯೋ ತಿಳಿಯದೆ ದಿನ ಲೆಕ್ಕ ಹಾಕಿ ಉಣಿಸುತ್ತಿದ್ದಳು. ಕಣ್ಣಿನಲ್ಲೇ ಅನ್ನ ಸಂಪಾದಿಸಿದವಳು ಕಣ್ಣು ಕಾಣಿಸುವುದಿಲ್ಲ ಎಂದು ಯಾವ ಬಾಯಲ್ಲಿ ಹೇಳುವುದು? ನಿವೃತ್ತಿಯ ತನಕ ಹೇಗೋ ತಳ್ಳೋಣ ಎಂದುಕೊಂಡಿದ್ದಳು. ಈ "ಹೇಗೋ" ಎನ್ನುವುದು ಚಿಕ್ಕಮ್ಮನ ಬಾಯಲ್ಲಿ ಅದುವರೆಗೆ ಬಂದ ಪದವಲ್ಲ.

ಎರಡೂ ಕಣ್ಣಿನ ಪೊರೆ ತೆಗೆದರು. ಹೊಸ ಕಣ್ಣಿನಲ್ಲಿ ಅವಳು ಮೊದಲು ನೋಡಿದ್ದು ಯಜಮಾನರನ್ನು.

"ನಿಮ್ಮ ಮೀಸೆ ಇಷ್ಟೊಂದು ಬೆಳ್ಳಗಾಗಿದ್ದು ಯಾವಾಗ?"

"ನೀನು ನೋಡ್ದೆ ಇರೋವಾಗ."

ಅಡುಗೆಮನೆಯ ಕಪಾಟಿನ ಮೂಲೆಯ ಜಿಡ್ಡು ಕಂಡು ನಾಚಿಕೆಯಾಗಿ ಎರಡು ದಿನ ತಿಕ್ಕಿದಳು. ಬಗ್ಗಬಾರದು ಎಂದು ಡಾಕ್ಟರು ಹೇಳಿದ್ದನ್ನು ಯಜಮಾನರು ನೆನಪಿಸಿದರೆ, ನಿಂತೇ ತಿಕ್ಕುತ್ತಿದ್ದೇನಲ್ಲ ಎಂದು ಅವರ ಬಾಯಿ ಮುಚ್ಚಿಸಿದಳು. ಆರು ವಾರ ಕಳೆದು ಕೆಲಸಕ್ಕೆ ಹೋದಾಗ ಹೊಸ ಬಟ್ಟೆ ತೊಟ್ಟ ಮಗುವಿನ ಹಾಗಿದ್ದಳು. ಸಾರದ ಕೆಂಪು ಎಷ್ಟು ಕೆಂಪು, ತಟ್ಟೆಗೆ ಹಾಕುವ ಬಣ್ಣದ ನೇರಳೆ ಎಷ್ಟು ನೇರಳೆ ಎಂದು ಕಂಡಕಂಡವರಿಗೆಲ್ಲ ಹೇಳಿದಳು.

ಅದು ಶುಕ್ರವಾರ. ಸೋಮವಾರ ಬೀಜದ ಕೊಳವೆಗಳು ಕಾರ್ಖಾನೆಗೆ ಹೋಗುವುದಿತ್ತು. ಫ್ರೀಜರಿನ ಉಸ್ತುವಾರಿ ಆಗಲೇ ಕೊಳವೆ ತಣ್ಣಗಿಡುವ ಒಣಮಂಜಿನ ಡಬ್ಬಗಳನ್ನು ಒರೆಸಿಟ್ಟಿದ್ದ. ಮಧ್ಯಾಹ್ನ ಬಿಡುವಿದ್ದಾಗ ಚಿಕ್ಕಮ್ಮನಿಗೆ ಒಂದು ಆಸೆ ಹುಟ್ಟಿತು. ಆರಿಸುವುದು ಮುಗಿದ ಮೇಲೆ ಅವಳು ತಟ್ಟೆಗಳನ್ನು ಎಸೆಯುತ್ತಿರಲಿಲ್ಲ; ವೈರಸ್ಸು ಸಾಯುವಂತೆ ಮಾಡಿ, ನೇರಳೆ ಬಣ್ಣ ಹಾಕಿ ಒಣಗಿಸಿ, ಉಂಗುರದ ಗುರುತಿನ ಸಮೇತ ಬೂಟಿನ ಡಬ್ಬಗಳಲ್ಲಿ ಜೋಡಿಸಿಡುತ್ತಿದ್ದಳು. ಬೇರೆಯವರು ಫೋಟೋ ಆಲ್ಬಮ್ ನೋಡುವಂತೆ ಅವಳು ಆ ತಟ್ಟೆಗಳನ್ನು ನೋಡುತ್ತಿದ್ದಳು. ಹೊಸ ಕಣ್ಣಿನಲ್ಲಿ ತನ್ನ ಬೀಜದ ತಟ್ಟೆ ಹೇಗಿದೆಯೋ ನೋಡೋಣ ಎಂದು ಮೂರನೇ ಸುತ್ತಿನದನ್ನು ತೆಗೆದು ಬೆಳಕಿಗೆ ಹಿಡಿದಳು.

ಉಂಗುರದೊಳಗೆ ಸಣ್ಣ ತೂತು ಇತ್ತು. ಅದರ ಅಂಚಿಗೆ ಒರಗಿಕೊಂಡು ಮಸುಕಾದ ಇನ್ನೊಂದು ದೊಡ್ಡ ತೂತಿತ್ತು.

ಅವಳು ಉಗುರಿನಿಂದ ಕೆರೆದು ನೋಡಿದಳು, ಕೊಳೆಯಿರಬಹುದೆಂದು. ಕೊಳೆಯಲ್ಲ. ಒಂಬತ್ತು ತಿಂಗಳ ಹಿಂದೆ ಮಂಜುಗಣ್ಣಿಗೆ ಸಣ್ಣದೊಂದೇ ಕಂಡಿತ್ತು. ಹೀರಿದಾಗ ಎರಡೂ ಬಂದಿರುತ್ತವೆ. ಬೀಜ ಬೆಳೆದ ಮೇಲೆ ಎಣಿಸಲು ಹಾಕಿದ್ದ ತಟ್ಟೆಗಳನ್ನೂ ತೆಗೆದಳು. ಸಣ್ಣ ತೂತುಗಳ ನಡುವೆ ಅಲ್ಲೊಂದು ಇಲ್ಲೊಂದು ದೊಡ್ಡವು, ಹತ್ತರಲ್ಲಿ ಒಂದು. ಆಗ ಅವಳೇ ಪುಸ್ತಕದಲ್ಲಿ ಬರೆದಿದ್ದಳು: "ಬೆಳವಣಿಗೆ ಬಹಳ ಚೆನ್ನಾಗಿದೆ." ಚೆನ್ನಾಗಿ ಬೆಳೆದದ್ದು ಯಾವುದು ಎಂದು ಈಗ ಗೊತ್ತಾಯಿತು.

ಆ ದಿನ ಅವಳು ಪ್ರಯೋಗಾಲಯದಲ್ಲಿ ಯಾರಿಗೂ ಏನೂ ಹೇಳಲಿಲ್ಲ. ತಟ್ಟೆಯನ್ನು ಡಬ್ಬದಲ್ಲಿಟ್ಟು, ಕೋಟು ತೂಗುಹಾಕಿ ಮನೆಗೆ ಬಂದಳು. ಇದನ್ನು ನಾನು ಮುಚ್ಚಿಡುವುದಿಲ್ಲ. ಚಿಕ್ಕಮ್ಮನೂ ಆಮೇಲೆ ಮುಚ್ಚಿಡಲಿಲ್ಲ. ಬೀಜದ ಪರೀಕ್ಷೆಗಳೆಲ್ಲ ಪಾಸಾಗಿದ್ದವು. ಅವಳೊಬ್ಬಳು ಸುಮ್ಮನಿದ್ದರೆ ಐದು ತಿಂಗಳಲ್ಲಿ ಹಾರ ಹಾಕಿಸಿಕೊಂಡು ಮನೆಗೆ ಬರಬಹುದಿತ್ತು. ಕಾರ್ಖಾನೆಯ ದೊಡ್ಡ ತೊಟ್ಟಿಗಳಲ್ಲಿ ಮುಂದೆ ಏನಾದರೂ ಅದು ಯಾರ ತಪ್ಪು ಎಂದು ಹುಡುಕುವವರು ಅವಳವರೆಗೆ ಬರುವುದೂ ಕಷ್ಟ.

ಯಜಮಾನರು ಗುಂಡಿ ಹೊಲಿಯುತ್ತಾ ಎಲ್ಲ ಕೇಳಿಸಿಕೊಂಡರು.

"ಜೇಬಿಲ್ಲದ್ದು ಚುಚ್ಚಿದ್ರೆ ಮಕ್ಕಳಿಗೆ ಏನಾಗತ್ತೆ?" ಎಂದರು.

"ಏನೂ ಆಗಲ್ಲ. ತೊಂದ್ರೆನೂ ಇಲ್ಲ, ಉಪಯೋಗನೂ ಇಲ್ಲ. ಲಸಿಕೆ ಹಾಕ್ಸಿದೀವಿ ಅಂತ ತಾಯಿ ನಿಶ್ಚಿಂತೆಯಾಗಿ ಇರ್ತಾಳೆ. ಆಮೇಲೆ ಜ್ವರ ಬರತ್ತೆ."

ಅವರು ದಾರ ಕಚ್ಚಿ ತುಂಡು ಮಾಡಿದರು. "ಬಟ್ಟೆ ತಪ್ಪಾಗಿ ಕತ್ತರಿಸ್ಬಿಟ್ರೆ ಗಿರಾಕಿ ಬರೋದ್ರೊಳಗೆ ಹೇಳ್ಕಳಿಸ್ತೀನಿ ನಾನು. ಅವ್ನು ಬಂದು ಹಾಕ್ಕೊಂಡು ಕನ್ನಡಿ ಮುಂದೆ ನಿಂತ್ಮೇಲೆ ಹೇಳಿದ್ರೆ ಅದು ಹೇಳಿದ ಲೆಕ್ಕಕ್ಕಿಲ್ಲ" ಎಂದರು. ಸೂಜಿಗೆ ಹೊಸ ದಾರ ಪೋಣಿಸುತ್ತಾ, "ಬೈತಾರೆ. ಬೈಲಿ. ನಾನೂ ಬೈಸ್ಕೊಂಡಿದೀನಿ, ಸತ್ತಿಲ್ಲ" ಎಂದು ಸೇರಿಸಿದರು.

ಶನಿವಾರ ಮೇಡಂ ಒಬ್ಬರೇ ಬಂದಿದ್ದರು. ಚಿಕ್ಕಮ್ಮ ತಟ್ಟೆಯನ್ನು ಅವರ ಮೇಜಿನ ಮೇಲಿಟ್ಟಳು.

"ಮೇಡಂ, ಬೀಜ ಕಳಿಸ್ಬೇಡಿ. ನಾನು ಆರಿಸಿದ್ದು ತಪ್ಪು."

ಮೇಡಂ ತಟ್ಟೆ ನೋಡಿದರು. ಅವಳ ಮುಖ ನೋಡಿದರು. "ಪರೀಕ್ಷೆಲಿ ಬಂದಿದೆಯಲ್ಲ ಚಿಕ್ಕಮ್ಮ. ತುಣುಕು ಇದೆ ಅಂತ ಬಂದಿದೆ."

"ಜೇಬು ಇದೆಯಾ ಅಂತ ಕೇಳತ್ತೆ ಆ ಪರೀಕ್ಷೆ. ಜೇಬಿಲ್ಲದ ಅಂಗಿ ಎಷ್ಟಿವೆ ಅಂತ ಕೇಳಲ್ಲ. ಎಣಿಸಿದ್ದೀನಿ, ಹತ್ತರಲ್ಲಿ ಒಂದು." ಉಳಿದದ್ದನ್ನು ಒಂದೇ ಉಸಿರಿಗೆ ಹೇಳಿಬಿಟ್ಟಳು. "ನನಗೆ ಒಂದು ವರ್ಷದಿಂದ ಕಣ್ಣು ಕಾಣ್ತಿರ್ಲಿಲ್ಲ. ಹೇಳ್ಲಿಲ್ಲ. ಹೇಳಿದ್ರೆ ಈ ಕೆಲ್ಸ ಬಿಡಿಸ್ತೀರ ಅಂತ ಹೇಳ್ಲಿಲ್ಲ."

ಮೇಡಂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎಂದು ಚಿಕ್ಕಮ್ಮನಿಗೆ ಅನ್ನಿಸಿತು. ಫೋನೆತ್ತಿ ಕಾರ್ಖಾನೆಯವರಿಗೆ ಕೊಳವೆಗಳು ಸೋಮವಾರ ಬರುವುದಿಲ್ಲ ಎಂದು ಹೇಳಿದರು. ತೂತುಗಳಲ್ಲಿ ಜೇಬಿರುವವಕ್ಕೆ ಮಾತ್ರ ಕಂದು ಬಣ್ಣ ಹತ್ತುವ ಪರೀಕ್ಷೆಯನ್ನು ತಾವೇ ಮಾಡಿದರು. ದೊಡ್ಡ ತೂತುಗಳಿಗೆ ಬಣ್ಣ ಹತ್ತಲಿಲ್ಲ. ಬೀಜವನ್ನು ಕಾರ್ಖಾನೆಯಲ್ಲಿ ಬೆಳೆಸುವಷ್ಟು ಸಲ ಇಲ್ಲೇ ಬೆಳೆಸಿ ನೋಡಿದರು. ಅದಕ್ಕೆ ಮೂರು ವಾರ ಹಿಡಿಯಿತು. ಹತ್ತರಲ್ಲಿ ಏಳಕ್ಕೆ ಬಣ್ಣವಿರಲಿಲ್ಲ. ಲಸಿಕೆಯೆಂದು ಕಾರ್ಖಾನೆಯಿಂದ ಹೊರಬರಬೇಕಾದದ್ದು ಮುಕ್ಕಾಲು ಪಾಲು ಜೇಬಿಲ್ಲದ ಬರೀ ಸಾಧುಗಳೇ ಆಗಿರುತ್ತಿತ್ತು.

ಆ ಮೂರು ವಾರ ಮೇಡಂ ಚಿಕ್ಕಮ್ಮನ ಹತ್ತಿರ ಕೆಲಸಕ್ಕೆ ಬೇಕಾದಷ್ಟು ಮಾತ್ರ ಮಾತಾಡಿದರು. ಚಿಕ್ಕಮ್ಮ ಕೋಶಗಳಿಗೆ ಉಣಿಸುತ್ತಿದ್ದಳು, ತನಗೆ ಊಟ ಸೇರುತ್ತಿರಲಿಲ್ಲ. ಫ್ರೀಜರಿನ ಉಸ್ತುವಾರಿ ಮಾತ್ರ ದಿನಕ್ಕೊಮ್ಮೆ ಬಾಗಿಲಲ್ಲಿ ಇಣುಕಿ, "ಎರಡನೇ ಸುತ್ತಿನ ಕೊಳವೆ ಹನ್ನೊಂದಿವೆ ಚಿಕ್ಕಮ್ಮ, ಒಂದೂ ಮುಟ್ಟಿಲ್ಲ, ಭದ್ರವಾಗಿವೆ" ಎನ್ನುತ್ತಿದ್ದ. ಮೂರನೇ ಸುತ್ತನ್ನು ಅಲ್ಲಿಂದಲೇ ಮತ್ತೆ ಆರಿಸಬಹುದು ಎಂದು ಅದರರ್ಥ; ದಿನವೂ ಅದೇ ಮಾತು. ಅವನಿಗೆ ಸಮಾಧಾನ ಹೇಳಲು ಬರುತ್ತಿದ್ದದ್ದು ಅಷ್ಟೇ.

ಫಲಿತಾಂಶ ಬಂದ ದಿನ ಮೇಡಂ ಕೋಶಗಳ ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಸ್ಟೂಲಿನ ಮೇಲೆ ಕುಳಿತರು. ಕೈಯಲ್ಲಿ ತಟ್ಟೆ ನೋಡಿ ಸಹಿ ಹಾಕುವ ಆ ಪುಸ್ತಕವಿತ್ತು.

"ಇದ್ರಲ್ಲಿ ಎರಡು ಸಹಿ ಇದೆ ಚಿಕ್ಕಮ್ಮ. ಎರಡನೇದು ನಂದು."

"ಗೊತ್ತು ಮೇಡಂ. ನಿಮಗೂ ಕಾಣಿಸ್ಲಿಲ್ವೇನೋ, ಅಷ್ಟು ಅಂಟ್ಕೊಂಡಿತ್ತು."

"ನಾನು ನೋಡ್ಲೇ ಇಲ್ಲ."

ಚಿಕ್ಕಮ್ಮನಿಗೆ ಅರ್ಥವಾಗಲಿಲ್ಲ.

"ನೀವು ಉಂಗುರ ಬರೆದಿದ್ರಿ, ನಾನು ಸಹಿ ಹಾಕ್ದೆ. ಅದೊಂದು ಸಲ ಅಲ್ಲ. ಒಂಬತ್ತು ವರ್ಷದಿಂದ ನಿಮ್ಮ ಒಂದು ತಟ್ಟೆನೂ ನಾನು ನೋಡಿಲ್ಲ. ಚಿಕ್ಕಮ್ಮ ನೋಡಿದ್ಮೇಲೆ ನೋಡೋದೇನಿದೆ ಅಂತ. ಮೂರು ವಾರದಿಂದ ನಿಮ್ಮ ಮುಖ ನೋಡಕ್ಕೆ ಆಗ್ತಿಲ್ಲ ನನಗೆ. ಎಲ್ಲರೂ ನಿಮ್ಮ ತಪ್ಪು ಅಂತಿದಾರೆ. ನಾನು ಸುಮ್ನಿದ್ದೆ."

ಮೂರು ವಾರ ಕುಗ್ಗಿ ಹೋಗಿದ್ದ ಚಿಕ್ಕಮ್ಮನಿಗೆ ಸಮಾಧಾನವಾಗಬೇಕಿತ್ತು. ಅದಾಗಲಿಲ್ಲ, ಕೋಪ ಉಕ್ಕಿತು.

"ನಿಂಗೆ ನಾನು ಕಲಿಸಿದ್ದು ಇದೇನೆ?" ಎಂದಳು. "ಯಾರು ಕೊಟ್ರೂ ನೋಡಿ ತಗೋ ಅಂತ ಹೇಳಿರ್ಲಿಲ್ವಾ? ನನ್ನ ಕಣ್ಣು ನನಗೇ ಸುಳ್ಳು ಹೇಳ್ತಿತ್ತು. ನೀನು ಒಂದು ಸಲ ಬಗ್ಗಿ ನೋಡಿದ್ರೆ, ಇದೇನು ಚಿಕ್ಕಮ್ಮ ಎರಡಿದೆಯಲ್ಲ ಅಂದಿದ್ರೆ, ಆವತ್ತೇ ನನ್ನ ಕಣ್ಣಿನ ಕಥೆ ಗೊತ್ತಾಗ್ತಿತ್ತು. ಒಂದು ವರ್ಷ ಒಬ್ಬಳೇ ಹೆದರ್ಕೊಂಡು ಸತ್ತಿದೀನಿ ನಾನು."

ಹೇಳುತ್ತಾ ಹೇಳುತ್ತಾ ಹೊಸ ಕಣ್ಣಿನಿಂದ ನೀರು ಧಾರಾಳವಾಗಿ ಬಂತು. ಮೇಡಂ ಎದ್ದು ಅವಳ ಎರಡೂ ಕೈ ಹಿಡಿದುಕೊಂಡರು. ಇಬ್ಬರಿಗೂ ಕೈಗವಸಿತ್ತು, ಮುಖಕ್ಕೆ ಬಟ್ಟೆಯಿತ್ತು, ಆ ಕೋಣೆಯಲ್ಲಿ ಕಣ್ಣೊರೆಸಿಕೊಳ್ಳಲು ಏನನ್ನೂ ಮುಟ್ಟುವಂತಿರಲಿಲ್ಲ. ನೀರು ಇಳಿಯುವಷ್ಟು ಇಳಿಯಲಿ ಎಂದು ಹಾಗೇ ನಿಂತಿದ್ದರು. ಆಮೇಲೆ ಮೇಡಂ ಸಿಬ್ಬಂದಿಯನ್ನೆಲ್ಲ ಸೇರಿಸಿ, ಎರಡನೇ ಸಹಿಯ ಕಥೆಯನ್ನು ತಮ್ಮ ಬಾಯಿಂದಲೇ ಹೇಳಿದರು.

ಉಸ್ತುವಾರಿಯ ಹನ್ನೊಂದು ಕೊಳವೆಗಳಲ್ಲಿ ಒಂದು ಹೊರಬಂತು. ಆರಿಸುವುದಕ್ಕೆ ಯಂತ್ರವೊಂದನ್ನು ತರಿಸೋಣ ಎಂದರು ಕೆಲವರು. "ತರಿಸೋಣ. ಈ ಸಲ ಚಿಕ್ಕಮ್ಮ ಆರಿಸ್ತಾರೆ, ನಾನು ನೋಡ್ತೀನಿ" ಎಂದರು ಮೇಡಂ.

ಹತ್ತು ದಿನಕ್ಕೆ ತಟ್ಟೆ ಸಿದ್ಧವಾಯಿತು. ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಕುಳಿತರು. ಚಿಕ್ಕಮ್ಮ ತಟ್ಟೆಯನ್ನು ಬೆಳಕಿಗೆ ಎತ್ತಿದಳು, ನಿಧಾನವಾಗಿ ತಿರುಗಿಸಿದಳು, ತಟ್ಟೆಯ ಆರು ಗುಣಿಗಳಲ್ಲಿ ಮೂರನೆಯದರಲ್ಲಿ ಒಂಟಿಯಾಗಿ ನಿಂತ ಒಂದು ಮುದ್ದಾದ ಸಣ್ಣ ತೂತಿನ ಕೆಳಗೆ ಉಂಗುರ ಬರೆದಳು.

ಮೇಡಂ ಬಹಳ ಹೊತ್ತು ನೋಡಿದರು. "ಇದು ಬೇಡ ಚಿಕ್ಕಮ್ಮ" ಎಂದರು.

ಆ ಮಾತನ್ನು ಅವಳಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ. "ಯಾಕೆ?"

"ಎಡಗಡೆ ಅಂಚು ನೋಡಿ. ಸ್ವಲ್ಪ ಮಸುಕಿದೆ."

ಚಿಕ್ಕಮ್ಮ ನೋಡಿದಳು. ಏನೂ ಇಲ್ಲ ಎಂದು ಹೇಳುವವಳಿದ್ದಳು. ತಟ್ಟೆಯನ್ನು ಒಂದಿಷ್ಟು ಓರೆ ಮಾಡಿದಳು. ಅಲ್ಲಿ, ಕೂದಲೆಳೆಯಷ್ಟು, ಇನ್ನೊಂದು ತೂತು ಆಗತಾನೆ ಹುಟ್ಟುತ್ತಿತ್ತು. ಕಣ್ಣಿಗೆ ಪೊರೆಯಿರಲಿಲ್ಲ, ಮಂಜಿರಲಿಲ್ಲ. ಮೊದಲ ತೂತು ಇಷ್ಟವಾಗಿಬಿಟ್ಟಿತ್ತು, ಅದಕ್ಕೇ ಇದು ಕಂಡಿರಲಿಲ್ಲ. ಹಾಗಾದರೆ ಕಣ್ಣು ಚೆನ್ನಾಗಿದ್ದ ಅಷ್ಟೂ ವರ್ಷ, ತಾನು "ಇದು" ಎಂದದ್ದನ್ನೆಲ್ಲ ಎಲ್ಲರೂ ತಲೆಯಾಡಿಸಿ ಒಪ್ಪಿಕೊಂಡಿದ್ದಾಗ, ಒಮ್ಮೆಯೂ ಹೀಗಾಗದೆ ಉಳಿದದ್ದು ತನ್ನ ಪುಣ್ಯವೇ ಇರಬೇಕು ಎಂದುಕೊಂಡಳು. ಹೆದರಿಕೆಯಾಯಿತು, ಅದರ ಹಿಂದೆಯೇ ದೊಡ್ಡ ನೆಮ್ಮದಿಯೂ ಆಯಿತು.

ಹತ್ತಿಯನ್ನು ಸ್ಪಿರಿಟಿನಲ್ಲಿ ಅದ್ದಿ ಉಂಗುರವನ್ನು ಅಳಿಸಿದಳು. ಐದನೇ ಗುಣಿಯಲ್ಲಿ ಇನ್ನೊಂದರ ಕೆಳಗೆ ಬರೆದು ತಟ್ಟೆಯನ್ನು ಮೇಡಂ ಕಡೆ ಸರಿಸಿದಳು.

"ಅವಸರ ಇಲ್ಲ. ನೋಡಿ ಹೇಳಿ" ಎಂದಳು.

ಮೇಡಂ ತಟ್ಟೆಯನ್ನು ಎತ್ತಿ ಆ ಕಡೆ ಈ ಕಡೆ ಓರೆ ಮಾಡಿ ನೋಡುತ್ತಾ ಇದ್ದರು. ಚಿಕ್ಕಮ್ಮ ಕೈಕಟ್ಟಿ ಕುಳಿತು ಕಾದಳು.